ಬೆಳ್ಳಗಾಗುವ ಆತುರ

ಕೇಳುಗರೇ, ನಮಸ್ಕಾರ.

ನಮ್ಮ ಚಿತ್ರದುರ್ಗದ ಕಡೆ ಮದುವೆ ಗೊತ್ತಾದರೆ ಸಾಕು, ಹುಡುಗಿಯ ಕೈಗೆ ಯಾರಾದರೂ ಒಂದು ಕ್ರೀಮ್ ತಂದಿಡುತ್ತಾರೆ. "ಹಚ್ಕೋ, ಹದಿನೈದು ದಿನಕ್ಕೆ ಬೆಳ್ಳಗಾಗ್ತೀಯ" ಅಂತ. ನನ್ನ ಅಕ್ಕನ ಮಗಳಿಗೂ ಹಾಗೇ ಆಯಿತು. ಮೊದಲ ವಾರ ಮುಖ ನಿಜಕ್ಕೂ ಹೊಳೆಯಿತು. ನಾವೆಲ್ಲ ಹೊಗಳಿದೆವು. ಮೂರು ತಿಂಗಳಿಗೆ ಕೆನ್ನೆ ಕೆಂಪಾಯಿತು, ಮೊಡವೆ ಎದ್ದವು. ಬಿಸಿಲಿಗೆ ಹೋದರೆ ಉರಿ. ಹಚ್ಚೋದು ಬಿಟ್ಟರೆ ಇನ್ನೂ ಜಾಸ್ತಿ ಉರಿ. ಅವತ್ತು ಹೊಗಳಿದ್ದಕ್ಕೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ಅಲಂಕಾರದ ಕ್ರೀಮ್ ಅಲ್ಲ, ಔಷಧಿ. ಡಾಕ್ಟರು ಹೇಳಿದ ಕಾಯಿಲೆಗೆ, ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯದೇ. ಪೌಡರಿನ ಹಾಗೆ ದಿನಾ ಬಳಿದುಕೊಂಡರೆ ಚರ್ಮ ತೆಳುವಾಗುತ್ತದೆ, ಮುಖದ ಮೇಲೆ ಕೂದಲೂ ಬೆಳೆಯಬಹುದು. ಇಂಥ ಹಲವು ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಈಗಾಗಲೇ ಹಚ್ಚುತ್ತಿದ್ದೀರಾ? ಒಮ್ಮೆಲೇ ಬಿಡಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ಹೆಸರು, ಊರು ಇಲ್ಲದ ಡಬ್ಬಿಗಳು. ಕೆಲವದರಲ್ಲಿ ಪಾದರಸ ಇರುತ್ತದೆ. ಅದು ಚರ್ಮದಿಂದ ಒಳಗಿಳಿದು ಕಿಡ್ನಿಗೆ ಪೆಟ್ಟು ಕೊಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದಿರುವುದನ್ನು 2023ರಲ್ಲಿ ಡಾಕ್ಟರುಗಳು ಗುರುತಿಸಿದರು. ಮುಖ, ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಕಂಡರೆ ಸುಮ್ನೆ ಕೂರಬೇಡಿ. ಹಚ್ಚಿದ ಕ್ರೀಮನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.

ನಮ್ಮ ಬಯಲುಸೀಮೆಯ ಬಿಸಿಲು ಎಂಥದ್ದು ಅಂತ ನಿಮಗೆ ಗೊತ್ತಲ್ವಾ? ಆ ಬಿಸಿಲಿಗೆ ನಮ್ಮ ಕಪ್ಪು ಬಣ್ಣವೇ ಕಾವಲು. ಅದನ್ನು ತಿಕ್ಕಿ ತೆಗೆಯಲು ದುಡ್ಡು ಕೊಡುತ್ತೇವೆ ಅಂದರೆ ನನಗೆ ನೋವಾಗುತ್ತದೆ.

ತಲೆಗೆ ಡೈ ಹಚ್ಚುವವರಿಗೂ ಒಂದು ಮಾತು. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ, ಎರಡು ದಿನ ಕಾಯಿರಿ. ತುರಿಕೆ, ಊತ ಬಂದರೆ ಆ ಡೈ ನಿಮಗಲ್ಲ.

ಅಕ್ಕನ ಮಗಳ ಮುಖ ಸರಿಹೋಗಲು ಒಂದು ವರ್ಷ ಹಿಡಿಯಿತು. ಆಮೇಲೊಮ್ಮೆ ನಾಯಕನಹಟ್ಟಿ ಜಾತ್ರೆಗೆ ಹೋಗಿದ್ದೆವು. ಅಂಗಡಿಯವನು ಕಾಡಿಗೆ ಡಬ್ಬಿ ಕೊಟ್ಟ. ಅವಳು ತಿರುಗಿಸಿ ತಿರುಗಿಸಿ ನೋಡಿದಳು. ತಯಾರಿಸಿದವರ ವಿಳಾಸವಿಲ್ಲ, ಲೈಸೆನ್ಸ್ ನಂಬರಿಲ್ಲ, ತಾರೀಖಿಲ್ಲ. ಡಬ್ಬಿ ವಾಪಸ್ ಇಟ್ಟು, ಒಂದು ಡಜನ್ ಹಸಿರು ಬಳೆ ತೊಟ್ಟುಕೊಂಡು ಬಂದಳು.

ನಮಸ್ಕಾರ.