ಮೊದಲು ಒಣ ಬಟ್ಟೆ

ಕೇಳುಗರೇ, ನಮಸ್ಕಾರ.

ಸಮುದ್ರದಲ್ಲಿ ನೆನೆದು ದಡಕ್ಕೆ ಬಂದವರಿಗೆ ಮೊದಲು ಏನು ಕೊಡಬೇಕು? ಊಟ ಅಂತ ನಮ್ಮ ಬಾಯಲ್ಲಿ ತಟ್ಟನೆ ಬರುತ್ತದೆ. ಕುಡಿಯೋಕೆ ನೀರು ಅಂತ ಕೆಲವರು ಹೇಳಬಹುದು. ಗ್ರೀಸ್ ದೇಶದ ಲೆಸ್ಬೋಸ್ ದ್ವೀಪದ ಜನ 2015ರಲ್ಲಿ ಕಲಿತ ಉತ್ತರವೇ ಬೇರೆ. ಮೊದಲು ಒಣ ಬಟ್ಟೆ. ಅದರ ಜೊತೆಗೇ ಒಣ ಕಾಲುಚೀಲ. ಮಿಕ್ಕಿದ್ದೆಲ್ಲ ಆಮೇಲೆ.

ಆ ದಡದ ಬಗ್ಗೆಯೇ ಇವತ್ತು ನಿಮ್ಮ ಜೊತೆ ಮಾತಾಡುತ್ತೇನೆ. ಯುರೋಪಿನ ನಿರಾಶ್ರಿತರು ಅಂದ ಕೂಡಲೇ ಲಕ್ಷಗಳ ಲೆಕ್ಕ ಶುರುವಾಗುತ್ತದೆ. ಲೆಕ್ಕವೂ ಬೇಕು, ಹೇಳಿಬಿಡುತ್ತೇನೆ. ಆ ಒಂದೇ ವರ್ಷ ಸಮುದ್ರ ದಾಟಿ ಯುರೋಪಿಗೆ ಬಂದವರು 10 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಎಂಟೂವರೆ ಲಕ್ಷದಷ್ಟು ಜನ ಇಳಿದದ್ದು ಗ್ರೀಸಿನಲ್ಲಿ, ಅದರಲ್ಲೂ ಸುಮಾರು ಐದು ಲಕ್ಷ ಮಂದಿ ಲೆಸ್ಬೋಸ್ ಒಂದರಲ್ಲೇ. ಆ ದ್ವೀಪದ ಸ್ವಂತ ಜನ ಒಂದು ಲಕ್ಷವೂ ಇಲ್ಲ. ಬಂದವರಲ್ಲಿ ಹೆಚ್ಚಿನವರು ಸಿರಿಯಾ, ಅಫ್ಘಾನಿಸ್ತಾನ, ಇರಾಕಿನವರು. ಬಾಂಬು ಬೀಳುವ ಊರುಗಳನ್ನು ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಬಂದವರು. ಆ ವರ್ಷ ಮೆಡಿಟರೇನಿಯನ್ ಸಮುದ್ರದಲ್ಲಿ ಸತ್ತವರು, ಕಾಣೆಯಾದವರು 3,700ಕ್ಕೂ ಹೆಚ್ಚು.

ಟರ್ಕಿಯ ದಡದಿಂದ ಲೆಸ್ಬೋಸಿನ ಉತ್ತರ ದಡಕ್ಕೆ ಹತ್ತು ಕಿಲೋಮೀಟರಿನಷ್ಟು ನೀರು, ಅಷ್ಟೇ. ಟರ್ಕಿಯ ಅಯ್ವಾಲಿಕ್ ಊರಿನಿಂದ ಲೆಸ್ಬೋಸಿನ ಮಿತಿಲಿನಿ ಪಟ್ಟಣಕ್ಕೆ ಫೆರಿ ಹಡಗು ಓಡಾಡುತ್ತದೆ. ಟಿಕೆಟ್ ಏನೂ ದುಬಾರಿಯಲ್ಲ. ಆದರೆ ವೀಸಾ ಇಲ್ಲದವರನ್ನು ಅದು ಹತ್ತಿಸಿಕೊಳ್ಳುವುದಿಲ್ಲ. ಹತ್ತಿಸಿಕೊಂಡು ಬಂದ ಕಂಪನಿಗೆ ದಂಡ ಹಾಕಬೇಕು ಅಂತ ಯುರೋಪಿನ ಕಾನೂನೇ ಹೇಳುತ್ತದೆ. ಹಾಗಾಗಿ ಅದೇ ನೀರನ್ನು ದಾಟಲು ಈ ಜನ ದಲ್ಲಾಳಿಗಳ ಕೈಗೆ ತಲೆಗೆ ಸಾವಿರ ಯೂರೋದಷ್ಟು ಸುರಿದು ರಬ್ಬರ್ ದೋಣಿ ಹತ್ತಿದರು. ಒಂದೊಂದರಲ್ಲಿ ನಲವತ್ತು, ಐವತ್ತು ಜನ. ದಲ್ಲಾಳಿ ದೋಣಿ ಹತ್ತುವುದಿಲ್ಲ. ಯಾರೋ ಒಬ್ಬ ಪ್ರಯಾಣಿಕನ ಕೈಗೆ ಎಂಜಿನ್ ಕೊಟ್ಟು, ಅಗೋ ಆ ದೀಪ ಕಾಣುತ್ತಲ್ಲ, ಆ ಕಡೆ ಹೋಗು ಅಂತ ತೋರಿಸಿ ಬಿಡುತ್ತಾನೆ.

ಅವರ ಮೈಮೇಲಿದ್ದ ಲೈಫ್ ಜಾಕೆಟ್ ಬಗ್ಗೆ ಹೇಳಲೇಬೇಕು. ಒಳ್ಳೆಯ ಜಾಕೆಟ್ಟಿನ ಒಳಗೆ ನೀರು ಹೀರದ ಫೋಮ್ ಇರುತ್ತದೆ. ಇವರಿಗೆ ಮಾರಿದ ಎಷ್ಟೋ ಜಾಕೆಟ್ಟುಗಳಲ್ಲಿ ಇದ್ದದ್ದು ಪಾರ್ಸೆಲ್ ಕಟ್ಟಲು ಬಳಸುವ ಸ್ಪಂಜು. ಹೊರಗಿನಿಂದ ಅದೇ ಕಿತ್ತಳೆ ಬಣ್ಣ, ಅದೇ ಪಟ್ಟಿ, ಅದೇ ಬಕಲ್. ನೀರಿಗೆ ಬಿದ್ದರೆ ಹೀರಿಕೊಂಡು ಭಾರವಾಗಿ, ತೊಟ್ಟವರನ್ನೇ ಕೆಳಕ್ಕೆ ಎಳೆಯುತ್ತದೆ. 2016ರ ಜನವರಿಯಲ್ಲಿ ಟರ್ಕಿಯ ಇಜ್ಮಿರ್ ನಗರದ ಒಂದು ವರ್ಕ್‌ಶಾಪಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಇಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. ಮಕ್ಕಳ ಅಳತೆಯವೂ ಇರುತ್ತಿದ್ದವು. ಯಾವುದೋ ತಾಯಿ ಕೈಯಲ್ಲಿದ್ದ ದುಡ್ಡೆಲ್ಲ ಕೊಟ್ಟು, ಸದ್ಯ ಮಗು ಉಳಿಯುತ್ತೆ ಅಂದುಕೊಂಡು ಆ ಬಕಲ್ ಹಾಕಿರುತ್ತಾಳೆ ಅಲ್ವಾ? ನನಗೆ ಇದನ್ನು ಸಮಾಧಾನದಿಂದ ಹೇಳಲು ಆಗುವುದಿಲ್ಲ.

ದ್ವೀಪದ ಉತ್ತರಕ್ಕೆ ಸ್ಕಾಲಾ ಸಿಕಾಮ್ನಿಯಾಸ್ ಅಂತ ಒಂದು ಪುಟ್ಟ ಮೀನುಗಾರರ ಊರಿದೆ. ನೂರೈವತ್ತು ಜನ ಇದ್ದರೆ ಹೆಚ್ಚು. ಬಂದರಿನ ಬಂಡೆಯ ಮೇಲೆ ಬಿಳಿ ಬಣ್ಣದ ಸಣ್ಣ ಚರ್ಚು. ಬಲೆ ಬೀಸಲು ಹೋದವರಿಗೆ ಎಂಜಿನ್ ಕೆಟ್ಟು ತೇಲುತ್ತಿದ್ದ ದೋಣಿಗಳು ಸಿಗತೊಡಗಿದವು. ಮೀನು ಬಿಟ್ಟು ಜನರನ್ನು ಎಳೆದು ತಂದರು. 2015ರ ಅಕ್ಟೋಬರ್ 28ರಂದು ಮುನ್ನೂರರಷ್ಟು ಮಂದಿ ತುಂಬಿದ್ದ ಮರದ ದೋಣಿಯೊಂದು ಆ ಕಡಲಿನಲ್ಲೇ ಮುರಿದು ಮುಳುಗಿತು. ಕೋಸ್ಟ್ ಗಾರ್ಡ್ ಜೊತೆ ಈ ಮೀನುಗಾರರೂ ಸೇರಿ 240ಕ್ಕೂ ಹೆಚ್ಚು ಜನರನ್ನು ಎತ್ತಿದರು. ಎಲ್ಲರನ್ನೂ ಉಳಿಸಲು ಆಗಲಿಲ್ಲ.

ಅದೇ ಊರಿನ ಮೂವರು ಅಜ್ಜಿಯರು ಬೆಂಚಿನ ಮೇಲೆ ಕೂತು, ಸಿರಿಯಾದ ಹಸುಗೂಸಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ ಫೋಟೋ ಆಗ ಲೋಕವೆಲ್ಲ ಓಡಾಡಿತು. ಕೂಸನ್ನು ಎತ್ತಿಕೊಂಡಿದ್ದ ಅಜ್ಜಿಗೆ ಎಂಬತ್ತು ದಾಟಿತ್ತು. ಆಕೆಯ ತಾಯಿಯೇ ನಿರಾಶ್ರಿತೆ. 1922ರ ಸುಮಾರಿಗೆ, ಗ್ರೀಸ್ ಮತ್ತು ಟರ್ಕಿಯ ಯುದ್ಧದಲ್ಲಿ, ಇದೇ ನೀರನ್ನು ದಾಟಿ ಬಂದವರು. ಆಗ ಟರ್ಕಿ ಬಿಟ್ಟು ಗ್ರೀಸಿಗೆ ಬಂದವರು ಹತ್ತು ಲಕ್ಷಕ್ಕೂ ಮೇಲೆ. ಹಾಗಾಗಿ ಆ ದಡದ ಎಷ್ಟೋ ಮನೆಗಳಲ್ಲಿ ಈ ದೋಣಿಗಳ ಕಥೆ ಹೊಸದೇನಲ್ಲ.

ಇನ್ನು ದೋಣಿ ದಡ ಮುಟ್ಟಿದ ಮೇಲಿನ ಮೊದಲ ಹತ್ತು ನಿಮಿಷಕ್ಕೆ ಬರುತ್ತೇನೆ. ಚಳಿಗಾಲದಲ್ಲಿ ನೆನೆದ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಮಕ್ಕಳದ್ದಂತೂ ಇನ್ನೂ ಬೇಗ. ನಡುಗುವ ಮಗುವಿಗಿಂತ ನಡುಕ ನಿಂತು ಸುಮ್ನೆ ಮಲಗಿದ ಮಗುವಿಗೇ ಅಪಾಯ ಜಾಸ್ತಿ. ಮೊದಲು ಒದ್ದೆ ಬಟ್ಟೆ ಪೂರ್ತಿ ಕಳಚಬೇಕು. ಒಣಗಿದ್ದು ಹಾಕಬೇಕು. ಚಾಕೊಲೇಟ್ ಸುತ್ತಿದ ಹಾಳೆಯ ಹಾಗೆ ಹೊಳೆಯುವ ಹೊದಿಕೆಯನ್ನು ನೀವು ಫೋಟೋಗಳಲ್ಲಿ ನೋಡಿರಬಹುದು. ಅದು ಹೊಸದಾಗಿ ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ಒದ್ದೆ ಬಟ್ಟೆಯ ಮೇಲೆಯೇ ಅದನ್ನು ಸುತ್ತಿದರೆ ಅಷ್ಟು ಉಪಯೋಗವಿಲ್ಲ. ಕೈಕಾಲು ಜೋರಾಗಿ ಉಜ್ಜಬಾರದು, ಎದೆ ಹೊಟ್ಟೆ ಮೊದಲು ಬೆಚ್ಚಗಾಗಬೇಕು. ಎಚ್ಚರವಿದ್ದವರಿಗೆ ಬಿಸಿಯಾದ, ಸಿಹಿಯಾದ ಚಹಾ. ಇದನ್ನೆಲ್ಲ ಊರಿನವರು, ಬೇರೆ ಬೇರೆ ದೇಶದಿಂದ ಬಂದ ಸ್ವಯಂಸೇವಕರು, ಸ್ಪೇನಿನ ಬೀಚುಗಳ ಜೀವರಕ್ಷಕರು, ಎಲ್ಲರೂ ದಡದಲ್ಲಿ ನಿಂತೇ ಕಲಿತರು, ಕಲಿಸಿದರು.

ಬಟ್ಟೆ ಎಲ್ಲಿಂದ ಬರಬೇಕು? ಯುರೋಪಿನ ಎಲ್ಲ ಕಡೆಯಿಂದ ಪೆಟ್ಟಿಗೆಗಳು ಬಂದವು. ಕೊಟ್ಟವರ ಮನಸ್ಸು ದೊಡ್ಡದು. ಆದರೆ ತೆರೆದರೆ ಹೈ ಹೀಲ್ಸ್ ಚಪ್ಪಲಿಯೂ ಇರುತ್ತಿತ್ತು. ಬೇಕಾಗಿದ್ದದ್ದು ಗಂಡಸರ ಸಣ್ಣ ಸೈಜಿನ ಪ್ಯಾಂಟು, ಗಟ್ಟಿ ಶೂ, ಮಕ್ಕಳ ಒಳಬಟ್ಟೆ. ಇನ್ನೊಂದು ಕಡೆ, ಬಂದವರು ಬಿಚ್ಚಿ ಹಾಕಿದ ಒದ್ದೆ ಬಟ್ಟೆ ದಡದ ಮೇಲೆ ರಾಶಿ ಬಿದ್ದು ಕಸದ ಗುಂಡಿಗೆ ಹೋಗುತ್ತಿತ್ತು. ಒಂದಷ್ಟು ಹೆಂಗಸರು ಸೇರಿ ಅದನ್ನು ಮೂಟೆ ಕಟ್ಟಿ ದೊಡ್ಡ ಲಾಂಡ್ರಿಗಳಿಗೆ ಕೊಡತೊಡಗಿದರು. ಉಪ್ಪುನೀರು, ಮರಳು ಹೋಗುವ ಹಾಗೆ ತೊಳೆಸಿ, ಸೈಜು ನೋಡಿ ಮಡಚಿ, ಮತ್ತೆ ದಡಕ್ಕೆ. ನಿನ್ನೆ ಇಳಿದವರ ಪ್ಯಾಂಟು ಮುಂದೊಂದು ದಿನ ಇಳಿದವರ ಮೈಗೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಬಟ್ಟೆ ಬದಲಾಯಿಸಿದ ಮೇಲೆ ನಡಿಗೆ. ಹೆಸರು ಬರೆಸಬೇಕಾದ್ದು ಮಿತಿಲಿನಿ ಕಡೆ. ಉತ್ತರದ ದಡದಿಂದ 60 ಕಿಲೋಮೀಟರಿನಷ್ಟು ಬೆಟ್ಟದ ದಾರಿ. 2015ರ ಬೇಸಿಗೆಯವರೆಗೂ ಇವರನ್ನು ಕಾರಿಗೆ ಹತ್ತಿಸಿಕೊಂಡರೆ ಕಳ್ಳಸಾಗಣೆ ಕೇಸು ಬೀಳುವ ಭಯವಿತ್ತು. ಗರ್ಭಿಣಿಯರೂ ಬಿಸಿಲಲ್ಲಿ ನಡೆದರು. ಆಮೇಲೆ ಆ ತಡೆ ಸಡಿಲವಾಯಿತು, ಸೇವಾ ಸಂಸ್ಥೆಗಳು ಬಸ್ಸು ಓಡಿಸಿದವು.

2016ರ ಮಾರ್ಚ್ 18ರಂದು ಯುರೋಪಿಯನ್ ಒಕ್ಕೂಟ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದ ಎಲ್ಲ ತಿರುವುಮುರುವಾಯಿತು. ಹೊಸದಾಗಿ ಬಂದವರು ಅರ್ಜಿ ಇತ್ಯರ್ಥ ಆಗುವವರೆಗೆ ದ್ವೀಪ ಬಿಟ್ಟು ಹೋಗುವ ಹಾಗಿರಲಿಲ್ಲ. ಮೊದಲು ಪ್ರಶ್ನೆ, ಕಾಗದ, ಬೆರಳಚ್ಚು. ಒಣ ಬಟ್ಟೆ ಆಮೇಲೆ. ಮೂರು ಸಾವಿರ ಜನರಿಗೆಂದು ಕಟ್ಟಿದ ಮೋರಿಯಾ ಶಿಬಿರದಲ್ಲಿ 2020ರ ಆರಂಭಕ್ಕೆ ಇಪ್ಪತ್ತು ಸಾವಿರದ ಹತ್ತಿರ ಜನ ಇದ್ದರು. ಸುತ್ತಲಿನ ಆಲಿವ್ ತೋಪುಗಳಲ್ಲಿ ಟಾರ್ಪಾಲು, ಕೆಸರು, ಊಟಕ್ಕೆ ಗಂಟೆಗಟ್ಟಲೆ ಸಾಲು. ಆ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದು ಶಿಬಿರ ಸುಟ್ಟುಹೋಯಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಮಲಗಿದರು. ಅದೇ ದ್ವೀಪದಲ್ಲಿ ಪಿಕ್ಪಾ ಅಂತ ಇನ್ನೊಂದು ಜಾಗವಿತ್ತು. ಮಕ್ಕಳ ಹಳೆಯ ಬೇಸಿಗೆ ಶಿಬಿರ. ಅಂಗವಿಕಲರು, ಕಾಯಿಲೆಯವರು, ಮನೆಯವರನ್ನು ಕಳೆದುಕೊಂಡವರನ್ನು ಸ್ಥಳೀಯರೇ 2012ರಿಂದ ಅಲ್ಲಿ ನೋಡಿಕೊಂಡಿದ್ದರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಎಫಿ ಲಾತ್ಸೂದಿ ಅವರಿಗೆ 2016ರಲ್ಲಿ, ನಿರಾಶ್ರಿತರ ಸೇವೆಗೆ ವಿಶ್ವಸಂಸ್ಥೆ ಕೊಡುವ ನಾನ್ಸೆನ್ ಪ್ರಶಸ್ತಿ ಬಂತು. 2020ರ ಅಕ್ಟೋಬರಿನಲ್ಲಿ ಸರ್ಕಾರ ಆ ಜಾಗವನ್ನೂ ಮುಚ್ಚಿಸಿತು. ಅದು ತಪ್ಪು ಅಂತಲೇ ನಾನು ಹೇಳುತ್ತೇನೆ.

ಸಾರಾ ಮರ್ದಿನಿ ಅಂತ ಸಿರಿಯಾದ ಹುಡುಗಿ. 2015ರಲ್ಲಿ ಎಂಜಿನ್ ನಿಂತ ದೋಣಿಯನ್ನು ತಂಗಿ ಯುಸ್ರಾ ಜೊತೆ ನೀರಿಗಿಳಿದು, ಗಂಟೆಗಟ್ಟಲೆ ಈಜಿ ಲೆಸ್ಬೋಸಿಗೆ ಮುಟ್ಟಿಸಿದವಳು. ತಂಗಿ ಮರುವರ್ಷ ರಿಯೋ ಒಲಿಂಪಿಕ್ಸಿನಲ್ಲಿ ನಿರಾಶ್ರಿತರ ತಂಡದಲ್ಲಿ ಈಜಿದಳು. ಸಾರಾ ಅದೇ ದಡಕ್ಕೆ ವಾಪಸ್ ಬಂದಳು, ಬರುವವರ ಕೈ ಹಿಡಿಯಲು. 2018ರಲ್ಲಿ ಅವಳನ್ನು ಬಂಧಿಸಿ ಮೂರು ತಿಂಗಳಿಗೂ ಹೆಚ್ಚು ಜೈಲಿನಲ್ಲಿಟ್ಟರು. ಕೇಸು ವರ್ಷಗಟ್ಟಲೆ ಎಳೆಯಿತು.

ದಡ ಮುಟ್ಟದೇ ಹೋದವರಿಗೂ ಮಾಡಬೇಕಾದ ಕೆಲಸ ಉಳಿದಿರುತ್ತದೆ. ಮಿತಿಲಿನಿಯ ಸ್ಮಶಾನದಲ್ಲಿ ಜಾಗ ಸಾಲದೆ, ಕಾಟೊ ಟ್ರಿಟೋಸ್ ಅನ್ನುವ ಹಳ್ಳಿಯ ಆಲಿವ್ ಮರಗಳ ನಡುವೆ ಇವರಿಗೆ ಮಣ್ಣು ಮಾಡಿದರು. ಮುಖ ಮೆಕ್ಕಾ ಕಡೆಗೆ. ಎಷ್ಟೋ ಸಮಾಧಿಗಳ ಮೇಲೆ ಹೆಸರಿಲ್ಲ. ಒಂದು ನಂಬರು, ಒಂದು ತಾರೀಕು. ಹೂಳುವ ಮೊದಲು ಡಿಎನ್‌ಎ ತೆಗೆದಿಡುತ್ತಾರೆ. ಮೈಮೇಲೆ ಏನಿತ್ತು ಅಂತಲೂ ಬರೆದಿಡುತ್ತಾರೆ. ಮುಖ ಗುರುತು ಸಿಗದಿದ್ದಾಗ ಬಟ್ಟೆಯಾದರೂ ಹೇಳುತ್ತದೆ. ಸ್ವೆಟರಿನ ಬಣ್ಣ, ಬೆರಳಿನ ಉಂಗುರ, ಜೇಬಿನಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟ ಒಂದು ಫೋನ್ ನಂಬರು. ವರ್ಷಗಳ ಮೇಲೂ ಅಣ್ಣನನ್ನೋ, ಮಗಳನ್ನೋ ಹುಡುಕಿಕೊಂಡು ಯಾರಾದರೂ ಬಂದರೆ, ಆ ಕಾಗದ ತೆಗೆದು, ಹೊರಟ ದಿನ ಅವರು ಏನು ತೊಟ್ಟಿದ್ದರು ಅಂತ ಮೊದಲು ಕೇಳುತ್ತಾರೆ.

ನಮಸ್ಕಾರ.