ಗೊಣಗುವುದು ಯಾರ ಮುಂದೆ?

ಕೇಳುಗ ಬಂಧುಗಳಿಗೆ ನಮಸ್ಕಾರ.

ಕೋಲಾರದವರಿಗೆ ನೀರಿನ ಕಷ್ಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆಸಿದರೂ ಬರೀ ಧೂಳೇ ಎದ್ದ ಬೋರ್‌ವೆಲ್‌ಗಳ ಕಥೆ ಊರೂರಲ್ಲೂ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರತೊಡಗಿತು, 2023ರಲ್ಲಿ ಯರಗೋಳ್ ಅಣೆಕಟ್ಟೆಯ ಉದ್ಘಾಟನೆಯೂ ಆಯಿತು. ಆದರೂ ಎಷ್ಟೋ ಬೀದಿಗಳಲ್ಲಿ ಕೊಳಾಯಿಗೆ ನೀರು ಬರುವ ಹೊತ್ತು ಇಂಥದ್ದೇ ಎಂದು ಇವತ್ತಿಗೂ ಹೇಳುವ ಹಾಗಿಲ್ಲ. ನಡುರಾತ್ರಿ ನಲ್ಲಿಯಲ್ಲಿ ಮೊದಲು ಗಾಳಿ ಸುಯ್ಯೆನ್ನುತ್ತದೆ. ಆಮೇಲೆ ಕೆಂಪನೆಯ ನೀರು ನಾಲ್ಕು ಸಲ ಕೆಮ್ಮಿದ ಹಾಗೆ ಬಂದು, ತಿಳಿಯಾಗುವಷ್ಟರಲ್ಲಿ ಮೂರನೇ ಬಿಂದಿಗೆಗೆ ನಿಂತುಹೋಗುತ್ತದೆ. ಆ ಗಳಿಗೆಯಲ್ಲಿ ನಮ್ಮ ಬಾಯಿಗೆ ಏನು ಬರುತ್ತದೆ ಅನ್ನುವುದೇ ಇವತ್ತಿನ ನನ್ನ ಮಾತು.

ದೊಡ್ಡ ಕಷ್ಟ ಬಂದರೆ ನಮಗೆ ದೇವರು ತಾನಾಗಿ ನೆನಪಾಗುತ್ತಾನೆ. ಆಸ್ಪತ್ರೆಯ ವರಾಂಡದಲ್ಲಿ ನಿಂತು ಚರ್ಚಿನ ಸಭಾಪಾಲಕರಿಗೆ ಫೋನ್ ಮಾಡಿ, ‘ಅಯ್ಯಾ, ಪ್ರಾರ್ಥನೆ ಮಾಡಿ’ ಅನ್ನುತ್ತೇವೆ. ಆದರೆ ಹಬ್ಬದ ದಿನವೇ ಗ್ಯಾಸ್ ಮುಗಿದರೆ, ಬಂಗಾರಪೇಟೆಯಲ್ಲಿ ರೈಲು ತಡವಾಗಿ ಬೆಂಗಳೂರಿನ ಕೆಲಸಕ್ಕೆ ಹೊತ್ತಾದರೆ, ‘ಇಷ್ಟಕ್ಕೆಲ್ಲ ದೇವರೇಕೆ’ ಎಂದು ಅವನನ್ನು ಪಕ್ಕಕ್ಕಿಟ್ಟು ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತೇವೆ. ಮನೆಯಲ್ಲಾದರೆ ಅದು ಮಕ್ಕಳ ಮೇಲೆ, ಇಲ್ಲವೇ ಸೊಸೆಯ ಮೇಲೆ.

ಸತ್ಯವೇದವನ್ನು, ಅಂದರೆ ಬೈಬಲನ್ನು ಓದುವವರಿಗೆ ಗೊತ್ತು, ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ ಹೊರಟ ಇಸ್ರಾಯೇಲ್ಯರು ಸಮುದ್ರ ದಾಟುವಾಗ ಕಂಡದ್ದು ಮಹಾ ಅದ್ಭುತ. ಆದರೆ ಅವರ ನಂಬಿಕೆ ಮುಗ್ಗರಿಸಿದ್ದು ದಿನದಿನದ ಅಡುಗೆ, ನೀರು, ನಡಿಗೆಗಳಲ್ಲಿ. ದಾರಿಯ ಆಯಾಸಕ್ಕೇ ಬೇಸತ್ತರು ಎಂದು ಅರಣ್ಯಕಾಂಡ ಹೇಳುತ್ತದೆ. ದೇವರು ತೋರಿಸಿದ ದೇಶಕ್ಕೆ ಹೋಗಲು ಹೆದರಿದಾಗಲೂ ಅವರು ತಮ್ಮ ತಮ್ಮ ಗುಡಾರಗಳೊಳಗೆ ಗುಣುಗುಟ್ಟಿದರು ಎಂದು ಧರ್ಮೋಪದೇಶಕಾಂಡದಲ್ಲಿ, ಅವರನ್ನು ನಡೆಸಿದ ಮೋಶೆ ನೆನಪಿಸುತ್ತಾನೆ. ಈ ಮಾತು ನನ್ನನ್ನು ಬಹಳ ಕಾಡಿದೆ. ನೀರಿಲ್ಲ ಎಂದದ್ದರಲ್ಲಿ ತಪ್ಪೇನಿತ್ತು? ಬಾಯಾರಿದ ಮಕ್ಕಳು, ದನಕರುಗಳು ಜೊತೆಗಿದ್ದವಲ್ಲ! ಆದರೆ ಆ ಮಾತನ್ನು ಅವರು ದೇವರ ಹತ್ತಿರ ತೆಗೆದುಕೊಂಡು ಹೋಗಲಿಲ್ಲ. ಮೋಶೆಯ ಮೇಲೆ ಹರಿಹಾಯ್ದು, ಗೊಣಗಿದಷ್ಟೂ ಕಹಿಯಾದರು.

ಅದೇ ನೀರಿನ ಸಂಕಟ ಮೋಶೆಗೂ ಬಂತು, ಅದರ ಎರಡು ಪ್ರಸಂಗಗಳನ್ನು ನೋಡೋಣ. ಮೊದಲನೆಯದು ರೆಫೀದೀಮಿನಲ್ಲಿ. ಜನ ಕಲ್ಲೆಸೆಯುವುದಕ್ಕೂ ತಯಾರಾದಾಗ ಅವನು, ಈ ಜನಕ್ಕೆ ನಾನೇನು ಮಾಡಲಿ ಎಂದು ನೇರವಾಗಿ ದೇವರನ್ನೇ ಕೇಳಿದ. ಎರಡನೆಯದು ಬಹಳ ವರ್ಷಗಳ ಮೇಲೆ, ಕಾದೇಶಿನಲ್ಲಿ. ಅಲ್ಲಿಯೇ ಅವನ ಅಕ್ಕ ಮಿರ್ಯಾಮಳು ತೀರಿಕೊಂಡಿದ್ದಳು. ಅವಳನ್ನು ಮಣ್ಣು ಮಾಡಿದ ಸುದ್ದಿಯ ಮರುವಾಕ್ಯದಲ್ಲೇ ಜನರ ಗಲಾಟೆ ಶುರು: ನೀರೆಲ್ಲಿ? ಬಂಡೆಗೆ ಮಾತಾಡು ಎಂದು ದೇವರು ಹೇಳಿದ್ದ. ಮೋಶೆ ಜನರನ್ನು ದ್ರೋಹಿಗಳೆಂದು ಬೈದು, ಕೋಲೆತ್ತಿ ಬಂಡೆಯನ್ನು ಎರಡು ಸಲ ಹೊಡೆದ. ನೀರೇನೋ ಧಾರಾಳವಾಗಿಯೇ ಬಂತು. ಜನರೂ ದನಗಳೂ ಕುಡಿದರು. ಆದರೆ ಆ ತಪ್ಪಿಗಾಗಿ ಮೋಶೆಗೆ ಮಾತ್ರ, ದೇವರು ಕೊಡುತ್ತೇನೆಂದಿದ್ದ ವಾಗ್ದತ್ತ ದೇಶಕ್ಕೆ ಕಾಲಿಡಲಾಗಲಿಲ್ಲ.

ಇದನ್ನು ಓದುವಾಗಲೆಲ್ಲ ನನಗೆ ಮೋಶೆಯ ಮೇಲೆ ಕರುಣೆ ಉಕ್ಕುತ್ತದೆ. ಐಗುಪ್ತದ ಅರಸ ಫರೋಹನ ಮುಂದೆ ಅಳುಕದವನು, ಅಕ್ಕನ ಸಾವಿನ ದುಃಖದ ಮೇಲೆ ಬಂದ ಒಂದು ಕಿರಿಕಿರಿಗೆ ತಾಳ್ಮೆ ಕಳೆದುಕೊಂಡ. ಸಣ್ಣ ಸಿಟ್ಟುಗಳು ಹಾಗೆಯೇ ಅಲ್ಲವೇ? ಒಳಗೆ ಇನ್ನೇನೋ ನೋವಿರುತ್ತದೆ, ಸಿಡಿಯುವುದಕ್ಕೆ ನಲ್ಲಿಯೋ ಬಸ್ಸೋ ನೆಪವಾಗುತ್ತದೆ. ಆದ್ದರಿಂದ ಕಿರಿಕಿರಿಯಾದಾಗ ನಾನು ದೇವರ ಮುಂದೆ ಮೊದಲು ಕೇಳಿಕೊಳ್ಳುವುದು, ನಿಜವಾಗಿ ನೋಯುತ್ತಿರುವುದು ಎಲ್ಲಿ ಎಂದು. ನೀರು ನಿಂತದ್ದಕ್ಕೆ ಇಷ್ಟು ಕಣ್ಣೀರು ಬರಬೇಕಾಗಿಲ್ಲ.

ಭಕ್ತರು ಗೊಣಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಕೀರ್ತನೆಗಳ ಪುಸ್ತಕವನ್ನು ತೆರೆಯಿರಿ, ದೂರುಗಳು ತುಂಬಿವೆ. 13ನೆಯ ಕೀರ್ತನೆಯಲ್ಲಿ ‘ಇನ್ನೆಷ್ಟು ಕಾಲ’ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಆ ಕೀರ್ತನೆಯ ಕೊನೆಯಲ್ಲಿ ಅದೇ ಬಾಯಿ ಹಾಡುತ್ತದೆ. ನಡುವೆ ಶತ್ರು ಸೋತನೆಂದಾಗಲಿ, ಕಷ್ಟ ಕಳೆಯಿತೆಂದಾಗಲಿ ಎಲ್ಲೂ ಬರೆದಿಲ್ಲ. ದೂರು ಹೋಗಬೇಕಾದ ಕಡೆಗೆ ಹೋಯಿತು, ಅಷ್ಟೇ. ಅಡುಗೆಮನೆಯಲ್ಲಿ ನಿಂತುಕೊಂಡೇ, ‘ಸ್ವಾಮೀ, ನನಗೆ ಸಾಕಾಯಿತು’ ಅಂದರೂ ಅದು ಪ್ರಾರ್ಥನೆಯೇ. ಅದಕ್ಕೆ ಗ್ರಂಥಭಾಷೆ ಬೇಡ.

ಇನ್ನು ಸರತಿ ಸಾಲಿನ ವಿಷಯ. ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಬೆಳಿಗ್ಗೆ ಉದ್ದ ಸಾಲಿತ್ತು. ಮುಂದಿದ್ದ ಅಜ್ಜಿಯೊಬ್ಬರ ಹೆಬ್ಬೆಟ್ಟನ್ನು ಯಂತ್ರ ಹಿಡಿಯುತ್ತಿರಲಿಲ್ಲ. ಅವರು ಬೆರಳನ್ನು ಸೆರಗಿಗೆ ಒರೆಸಿ ಇಟ್ಟರು, ಒದ್ದೆ ಬಟ್ಟೆಗೆ ತಿಕ್ಕಿ ಇಟ್ಟರು, ಬೇರೆ ಬೆರಳು ಇಟ್ಟರು. ಟೊಮೆಟೊ ತೋಟದ ಕೂಲಿಯಲ್ಲಿ ಸವೆದ ಬೆರಳು, ಗೆರೆಗಳೇ ಉಳಿದಿರಲಿಲ್ಲ. ಹಿಂದಿನಿಂದ ‘ಬೇಗ ಆಗಲಮ್ಮಾ’ ಎಂಬ ಕೂಗು. ಆ ಬೆರಳನ್ನು ನೋಡುತ್ತಾ ನನಗೆ ಮಾರ್ಕನ ಸುವಾರ್ತೆಯ ಯಾಯೀರ ನೆನಪಾದ.

ಯಾಯೀರನ ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ಅವನು ಯೇಸುಸ್ವಾಮಿಯ ಕಾಲಿಗೆ ಬಿದ್ದು ಕರೆದುಕೊಂಡು ಹೊರಟಿದ್ದ. ದಾರಿಯಲ್ಲಿ, ಗುಂಪಿನ ನಡುವೆ, ಹನ್ನೆರಡು ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸೊಬ್ಬಳು ಸ್ವಾಮಿಯ ಉಡುಪನ್ನು ಮುಟ್ಟಿದಳು. ವೈದ್ಯರಿಗೆ ಇದ್ದದ್ದೆಲ್ಲ ಸುರಿದು ಬರಿಗೈಯಾದವಳು. ಸ್ವಾಮಿ ನಿಂತರು. ಅವಳು ನಡೆದುದನ್ನೆಲ್ಲ ಹೇಳಿ ಮುಗಿಸುವ ತನಕ ನಿಂತರು. ಆ ಹೊತ್ತಿನಲ್ಲಿ ಯಾಯೀರ ಏನಂದ ಎಂದು ಮಾರ್ಕನು ಬರೆದಿಲ್ಲ. ಮಗಳ ಒಂದೊಂದು ಉಸಿರನ್ನೂ ಎಣಿಸುತ್ತಿದ್ದ ಅಪ್ಪನಿಗೆ ಅದು ಎಂಥ ಕಾಯುವಿಕೆ! ಅಷ್ಟರಲ್ಲಿ ಮಗಳು ಸತ್ತಳೆಂಬ ಸುದ್ದಿಯೇ ಬಂತು. ಭಯಪಡಬೇಡ, ನಂಬಿಕೆ ಮಾತ್ರ ಇರಲಿ ಎಂದು ಸ್ವಾಮಿ ಅವನ ಮನೆಗೆ ನಡೆದರು. ಹುಡುಗಿ ಎದ್ದಳು.

ನನ್ನನ್ನು ತಡಮಾಡಿಸುತ್ತಿರುವ ಮನುಷ್ಯನ ಕಷ್ಟ ನನ್ನದಕ್ಕಿಂತ ಹಳೆಯದಿರಬಹುದು. ಸ್ವಾಮಿ ಈಗ ಅವರ ಬಳಿ ನಿಂತಿರಬಹುದು. ಹಾಗೆ ನಿಂತದ್ದರಿಂದ ನನ್ನ ಪಾಲಿನದೇನೂ ಕಡಿಮೆಯಾಗುವುದಿಲ್ಲ ಎಂದು ನಂಬುವುದು ಸುಲಭವಲ್ಲ. ನಾನು ಕಂಡ ಮಟ್ಟಿಗೆ ಕ್ರಿಸ್ತನ ನಂಬಿಕೆ ದಿನವೂ ಪರೀಕ್ಷೆಗೆ ಬರುವುದು ಇಂಥ ಸಾಲುಗಳಲ್ಲಿಯೇ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ತಾಳ್ಮೆಯ ಹೆಸರಿನಲ್ಲಿ ಬಡವರ ಬಾಯಿ ಮುಚ್ಚಿಸಬಾರದು. ಸತ್ಯವೇದದ ಹಳೆಯ ಕಥೆಯೊಂದರಲ್ಲಿ, ಗೆರಾರ್ ಎಂಬ ಕಡೆ ಅಬ್ರಹಾಮನ ಮಗ ಇಸಾಕನ ಆಳುಗಳು ಬಾವಿ ತೋಡಿದರೆ ಅಲ್ಲಿನ ದನಗಾಹಿಗಳು ನೀರು ನಮ್ಮದೆಂದು ಜಗಳಕ್ಕೆ ಬಂದರು. ಇಸಾಕ ಎರಡು ಬಾವಿ ಬಿಟ್ಟುಕೊಟ್ಟು ಮೂರನೆಯದನ್ನು ತೋಡಿಸಿದ. ಅದು ತನ್ನ ಪಾಲಿನದನ್ನು ಬಿಟ್ಟುಕೊಡುವ ದೊಡ್ಡತನ. ಆದರೆ ಲೂಕನ ಸುವಾರ್ತೆಯಲ್ಲಿ ಸ್ವಾಮಿ ಹೇಳಿದ ಸಾಮ್ಯಕಥೆಯ ವಿಧವೆ ಬಿಟ್ಟುಕೊಡಲಿಲ್ಲ. ದೇವರಿಗೂ ಹೆದರದ ನ್ಯಾಯಾಧಿಪತಿಯ ಬಳಿಗೆ ಮತ್ತೆ ಮತ್ತೆ ಹೋಗಿ ನ್ಯಾಯ ಪಡೆದಳು. ಬೇಸರಗೊಳ್ಳದೆ ಪ್ರಾರ್ಥಿಸುವುದನ್ನು ಕಲಿಸಲು ಸ್ವಾಮಿ ಆರಿಸಿಕೊಂಡದ್ದು ಅವಳನ್ನೇ. ನನಗೆ ಎರಡು ಬಿಂದಿಗೆ ಕಡಿಮೆಯಾದರೆ ಇಸಾಕನ ದಾರಿ ಸರಿ. ಬೀದಿಯ ಕೊನೆಯ ಮನೆಗೆ ತಿಂಗಳುಗಟ್ಟಲೆ ನೀರು ತಲುಪದಿದ್ದರೆ, ಅಜ್ಜಿ ಸವೆದ ಬೆರಳಿನಿಂದಾಗಿ ಅಕ್ಕಿಯಿಲ್ಲದೆ ಹಿಂದಿರುಗಿದರೆ, ಅರ್ಜಿ ಬರೆದು ಅವರ ಜೊತೆ ಕಚೇರಿಗೆ ಹೋಗುವುದು ಕ್ರೈಸ್ತನ ಕರ್ತವ್ಯ. ಪ್ರಾರ್ಥಿಸಿ ಹೋಗೋಣ, ಕೆಲಸವಾಗುವ ತನಕ ಹೋಗೋಣ, ಅಲ್ಲಿ ಕೂತಿರುವ ಗುಮಾಸ್ತರಿಗೂ ಮನೆಯಲ್ಲಿ ಅವರದೇ ನೋವಿರಬಹುದೆಂದು ತಿಳಿದು ಮಾತಾಡೋಣ.

ಕೇಳಿಸಿಕೊಂಡದ್ದಕ್ಕೆ ವಂದನೆಗಳು.