ಮದುವೆ ಮನೆ ಕ್ಯಾಸೆಟ್ ಮತ್ತು ಸ್ಟುಡಿಯೋದವರ ಕ್ಲೀನಿಂಗ್

ಸ್ಕ್ರೂ ಬಿಚ್ಚುವುದನ್ನು ನೀವು ನೋಡ್ತಾ ಇರಿ, ನಾನು ಮಾತಾಡ್ತಾ ಇರುತ್ತೇನೆ. ಈ ಕ್ಯಾಸೆಟ್‌ಗೆ ಐದು ಸ್ಕ್ರೂ ಇದೆ, ಪುಣ್ಯ. ಕೆಲವಕ್ಕೆ ಸ್ಕ್ರೂನೇ ಇರುವುದಿಲ್ಲ, ಫ್ಯಾಕ್ಟರಿಯಲ್ಲೇ ಅಂಟಿಸಿ ಕಳಿಸಿರುತ್ತಾರೆ. ಅವನ್ನು ಬ್ಲೇಡ್ ಹಾಕಿ ಸೀಳಿ, ಒಳಗಿನ ಸುರುಳಿ ಎರಡನ್ನೂ ಬೇರೆ ಖಾಲಿ ಡಬ್ಬಿಗೆ ಹಾಕಬೇಕು. ಅದನ್ನು ಕ್ಯಾಮೆರಾ ಮುಂದೆ ಮಾಡಲ್ಲ, ಕೈ ನಡುಗುತ್ತೆ.

ಇಲ್ಲಿ ನೋಡಿ. ಟೇಪಿನ ಹಿಂದೆ ಒಂದು ಸಣ್ಣ ತಾಮ್ರದ ಪಟ್ಟಿ ಕಾಣಿಸ್ತಾ? ಅದರ ಮೇಲೆ ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪಗೆ ಒಂದು ಪ್ಯಾಡ್ ಇರಬೇಕಿತ್ತು. ಟೇಪನ್ನು ಮೆಷಿನ್ನಿನ ಹೆಡ್ಡಿಗೆ, ಅಂದರೆ ಧ್ವನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಗೋಂದು ಒಣಗಿ ಬಿದ್ದುಹೋಗಿದೆ. ಆವಾಗ ಧ್ವನಿ ಮಂಕಾಗುತ್ತೆ, ಬರುತ್ತೆ, ಹೋಗುತ್ತೆ. ಜನ ಕ್ಯಾಸೆಟ್ ಹಾಳಾಯಿತು ಅಂತ ಎಸೆದುಬಿಡುತ್ತಾರೆ. ಹಾಳಾಗಿಲ್ಲ ಕಣ್ರೀ! ಬೇರೆ ಕ್ಯಾಸೆಟ್‌ನಿಂದ ಪ್ಯಾಡ್ ಕಿತ್ತು ಇದಕ್ಕೆ ಕೂರಿಸಿದರೆ ಮತ್ತೆ ಹಾಡುತ್ತೆ. ಇವತ್ತು ಬಲಿಯಾಗುತ್ತಿರುವುದು ಒಂದು ಭಾಷಣದ ಕ್ಯಾಸೆಟ್. ಯಾರ ಭಾಷಣ ಅಂತ ಹೇಳಲ್ಲ, ಕಾಮೆಂಟ್‌ನಲ್ಲಿ ಜಗಳ ಆಗುತ್ತೆ.

ನಾನು ರಿಪೇರಿ ಮಾಡ್ತಿರುವ ಈ ಕ್ಯಾಸೆಟ್ಟಿನಲ್ಲಿ ಇರುವುದು ಸೋಬಾನೆ ಪದ. ನಾಗಮಂಗಲದ ಕಡೆ ನಮ್ಮ ನೆಂಟರ ಮದುವೆಗಳಲ್ಲಿ ಹೆಂಗಸರು ಹಾಡಿದ್ದು. ನಮ್ಮ ಸೋದರಮಾವ ಎಂಬತ್ತರ ದಶಕದಲ್ಲಿ ಒಂದು ಟೂ ಇನ್ ವನ್, ಅಂದರೆ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಇರುವ ಮೆಷಿನ್, ಕೊಂಡಿದ್ದರು, ಅದನ್ನು ಹೆಗಲಿಗೆ ಹಾಕಿಕೊಂಡು ಹೋಗದ ಮದುವೆ ಇಲ್ಲ. ಚಪ್ಪರ, ಎಣ್ಣೆ ಅರಿಶಿನ, ಹಸೆ, ಧಾರೆ, ಆರತಿ, ಒಂದೊಂದಕ್ಕೂ ಒಂದೊಂದು ಪದ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ.

ಈಗ ಸ್ಟುಡಿಯೋ ಕಥೆ. ಇದನ್ನು ಹೇಳದೆ ನನಗೆ ಹೊಟ್ಟೆ ತಣ್ಣಗಾಗಲ್ಲ.

ನನ್ನ ಹತ್ತಿರ ಕ್ಯಾಸೆಟ್ ಹಾಕುವ ಡೆಕ್ ಬರುವ ಮುಂಚೆ, ನಮ್ಮ ಕಸಿನ್ ಇದರಲ್ಲಿ ಕೆಲವು ಕ್ಯಾಸೆಟ್‌ಗಳನ್ನು ಕಂಪ್ಯೂಟರ್ ಫೈಲ್ ಮಾಡಿಕೊಡಿ ಅಂತ ಒಂದು ಸ್ಟುಡಿಯೋಗೆ ಕೊಟ್ಟಿದ್ದ. ಕ್ಯಾಸೆಟ್‌ಗೆ 350 ರೂಪಾಯಿ, ಕ್ಲೀನಿಂಗ್‌ಗೆ ಮೇಲೆ 100. ಸರಿ ಅಂತ ಪೆನ್‌ಡ್ರೈವ್ ತಂದು ಹಾಕಿದೆವು. ಮೊದಲು ಬಂದದ್ದು ಕೀಬೋರ್ಡ್! ತಮಾಷೆ ಅಲ್ಲ, ಹಾಡಿನ ಕೆಳಗೆ ಒಂದು ಶ್ರುತಿ ಸೇರಿಸಿದ್ದಾರೆ, ಅದೂ ಹೊಂದಿಕೆಯಾಗದ ಶ್ರುತಿ. ಮೇಲೆ ಎಕೋ ಬೇರೆ, ಎಲ್ಲರೂ ಬಾವಿಯೊಳಗೆ ಕೂತು ಹಾಡಿದ ಹಾಗೆ. ಮಧ್ಯದ ಮಾತೆಲ್ಲ ಕಟ್. ಮಗು ಅಳುವುದು ಕಟ್, ಪಾತ್ರೆ ಸದ್ದು ಕಟ್. ಹಾಡುವಾಗ ಒಬ್ಬರು "ಏ, ಆ ಸೊಲ್ಲು ಈಗಲ್ಲ ಕಣೇ, ಆರತಿ ಆದಮೇಲೆ" ಅಂತ ಬೈಯುವುದು ಮೂಲದಲ್ಲಿ ಇದೆ, ಅದೂ ಕಟ್. ಫೋನ್ ಮಾಡಿದರೆ, "ಮೇಡಂ, ಎಷ್ಟು ಕ್ಲಿಯರ್ ಬಂದಿದೆ ನೋಡಿ, ನಾಯ್ಸೇ ಇಲ್ಲ" ಅಂತಾರೆ. ನಾಯ್ಸ್ ಅಂತೆ. ಯಾವ ಪದ ಯಾವ ಶಾಸ್ತ್ರಕ್ಕೆ ಅಂತ ಗೊತ್ತಾಗುವುದೇ ಆ ನಾಯ್ಸ್‌ನಿಂದ. ಅದನ್ನು ತೆಗೆಯುವುದಕ್ಕೆ 100 ರೂಪಾಯಿ ಜಾಸ್ತಿ ಕೊಟ್ಟಿದ್ದೇವೆ! ಫೈಲು ನೋಡಿದರೆ 128 ಕೆಬಿಪಿಎಸ್ ಎಂಪಿ3, ಅಂದರೆ ಧ್ವನಿಯ ವಿವರ ಕಿತ್ತು ಚಿಕ್ಕದು ಮಾಡಿದ ಫೈಲು. ಕ್ಯಾಸೆಟ್‌ಗಳು ವಾಪಸ್ ಬಂದವು, ಅಷ್ಟಕ್ಕೇ ನಾನು ಸುಮ್ಮನಿದ್ದೇನೆ.

ಪ್ಯಾಡ್ ಕೂತಿತು. ಪ್ಲೇ ಮಾಡ್ತೀನಿ, ಒಂದು ನಿಮಿಷ ಸುಮ್ಮನೆ ಕೇಳಿ.

ಗಮನಿಸಿದಿರಾ? ಹಾಡು ನಿಂತ ಕೂಡಲೇ ಹಿಂದಿನ ಸದ್ದು ತಾನಾಗಿ ಮೇಲೆ ಬರುತ್ತೆ. ಆಗಿನ ಟೂ ಇನ್ ವನ್‌ಗಳಲ್ಲಿ ಧ್ವನಿಯ ಮಟ್ಟವನ್ನು ಮೆಷಿನ್ನೇ ಹೊಂದಿಸಿಕೊಳ್ಳುತ್ತಿತ್ತು. ಜೋರಾದರೆ ತಗ್ಗಿಸುತ್ತೆ, ಸದ್ದು ಕಮ್ಮಿಯಾದರೆ ಏರಿಸುತ್ತೆ. ಹಾಗಾಗಿ ಎರಡು ಪದದ ನಡುವೆ ಅಂಗಳದ ಆಚೆ ಕರು ಕೂಗುವುದೂ ಬಂದಿದೆ, ಯಾರೋ ಎಲೆ ಅಡಿಕೆ ಕೇಳುವುದೂ ಬಂದಿದೆ. ಸಂಗೀತದ ರೆಕಾರ್ಡಿಂಗ್ ಅಂತ ನೋಡಿದರೆ ಇದು ದೋಷ. ನನಗಂತೂ ವರ.

ಇನ್ನೊಂದು ಮಜಾ ಇದೆ. ಈ ಸೈಡ್ ಮುಗಿಯುತ್ತಾ ಬಂದ ಹಾಗೆ ಎಲ್ಲರ ಗಂಟಲೂ ಸಣ್ಣಗಾಗುತ್ತೆ, ಹಾಡೂ ಓಡುತ್ತೆ. ನಮ್ಮ ದೊಡ್ಡಮ್ಮ ಪಕ್ಕದಲ್ಲಿ ಕೂತು ಕೇಳುತ್ತಿದ್ದವರು, "ಇದು ಮೂಲೆಮನೆ ಅಕ್ಕನ ದನಿ ಕಣೇ, ಆದರೆ ಅವಳು ಹಿಂಗೆ ಕೀರಲಾಗಿ ಹಾಡ್ತಿರಲಿಲ್ಲವಲ್ಲ" ಅಂದರು. ಕಾರಣ ಬ್ಯಾಟರಿ. ರೆಕಾರ್ಡ್ ಮಾಡುವಾಗ ಸೆಲ್ ಇಳಿದು ಮೋಟರ್ ನಿಧಾನವಾಗಿದೆ, ಈಗ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲ ಬೇಗ ಬೇಗ. ಕಂಪ್ಯೂಟರಿನಲ್ಲಿ ವೇಗ ತಗ್ಗಿಸಿ ಕೇಳಿಸಿದೆ. "ಹಾಂ, ಈಗ ಅವಳು" ಅಂದರು.

ಆಗಲೇ ಕ್ಲೀನಿಂಗ್ ಬೇಡ ಅಂತ ಕೂಗಾಡಿದವಳು ಈಗ ವೇಗ ಬದಲಾಯಿಸುತ್ತಿದ್ದಾಳಲ್ಲ ಅಂತ ನೀವು ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಕರೆಂಟಿನ ಗುಂಯ್ ಅನ್ನುವ ಸದ್ದನ್ನೂ ನಾನು ತೆಗೆಯುತ್ತೇನೆ. ಆದರೆ ಕಾಪಿಯಲ್ಲಿ. ಮೊದಲ ಫೈಲನ್ನು ಮುಟ್ಟಲ್ಲ. ಟೇಪಿನಿಂದ ಬಂದದ್ದು ಬಂದ ಹಾಗೇ, ವೇವ್ ಫೈಲ್, 24 ಬಿಟ್. ಧ್ವನಿ ಆರ್ಕೈವ್‌ನವರ ಅಂತಾರಾಷ್ಟ್ರೀಯ ಸಂಘ ಐಎಎಸ್ಎ ಕನಿಷ್ಠ 48 ಕಿಲೋಹರ್ಟ್ಸ್ ಇರಲಿ, ಅಂದರೆ ಧ್ವನಿಯನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆಯಲಿ ಅನ್ನುತ್ತೆ, 96 ಆದರೆ ಇನ್ನೂ ಒಳ್ಳೆಯದಂತೆ. ಮದುವೆ ಮನೆ ಟೂ ಇನ್ ವನ್‌ಗೆ 48 ಸಾಕು ಅನ್ನುವುದು ನನ್ನ ವಾದ. ಅರವತ್ತು ನಿಮಿಷದ ಕ್ಯಾಸೆಟ್ ಸ್ಟೀರಿಯೋದಲ್ಲಿ ಸುಮಾರು 1 ಜಿಬಿ ಆಗುತ್ತೆ, ಫೋನಿನಲ್ಲಿ ಇರುವ ಗುಡ್ ಮಾರ್ನಿಂಗ್ ವೀಡಿಯೋ ಅಳಿಸಿದರೆ ಜಾಗ ತಾನಾಗೇ ಸಿಗುತ್ತೆ. ಆಮೇಲೆ ಕ್ಯಾಸೆಟ್ಟಿನ ಹಿಂಭಾಗದ ಈ ಎರಡು ಹಲ್ಲು ಮುರಿಯಿರಿ, ಮತ್ತೆ ಅದರ ಮೇಲೆ ರೆಕಾರ್ಡ್ ಆಗಲ್ಲ. ಮಾವ ಮುರಿದಿರಲಿಲ್ಲ. ಒಂದು ಆರತಿ ಪದ ಅರ್ಧಕ್ಕೆ ನಿಂತು ರೇಡಿಯೋ ಕ್ರಿಕೆಟ್ ಕಾಮೆಂಟರಿ ಶುರುವಾಗುತ್ತೆ. ಯಾರ ಕೆಲಸ ಅಂತ ಮನೆಯಲ್ಲಿ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.

ಟೇಪ್ ಓಡ್ತಿದೆ, ಟೈಮ್ ಇದೆ, ಇನ್ನೊಂದು ಮಾತು. ಇದೆಲ್ಲ ಸಂಗ್ರಹ ಆಗಿದೆಯಲ್ಲ, ನೀವ್ಯಾಕೆ ಒದ್ದಾಡ್ತೀರಿ ಅಂತಾರೆ. ಆಗಿದೆ, ಇಲ್ಲ ಅನ್ನಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹತ್ತಿರವೇ ಇದೆ, ಮೈಸೂರು ರಸ್ತೆಯಲ್ಲಿ ಹೋಗುವಾಗ ಬರೀ ತಟ್ಟೆ ಇಡ್ಲಿಗೆ ನಿಲ್ಲಿಸಬೇಡಿ, ಅಲ್ಲೂ ನಿಲ್ಲಿಸಿ. ತುಳುನಾಡಿನಲ್ಲಿ 1990ರಲ್ಲಿ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು, ಅಂದರೆ ಸಿರಿಯ ಕಥೆ ಹೇಳುವ ತುಳು ಹಾಡನ್ನು, ಫಿನ್‌ಲೆಂಡಿನ ಲೌರಿ ಹಾಂಕೊ ಅವರ ತಂಡ ರೆಕಾರ್ಡ್ ಮಾಡಿತು, 15,683 ಸಾಲು. ಕೈ ಮುಗಿಯಬೇಕು ಅಂಥವರಿಗೆ. ಆದರೆ ಅವರು ಎಲ್ಲ ಊರಿನ ಎಲ್ಲ ಮದುವೆಗೂ ಹೋಗುವುದಕ್ಕಾಗುತ್ತಾ? ಹೊರಗಿನವರು ಮೈಕ್ ಹಿಡಿದರೆ ಹೆಂಗಸರು ಸೆರಗು ಸರಿ ಮಾಡಿಕೊಂಡು ಒಳ್ಳೆ ಪದವನ್ನೇ ಹೇಳುತ್ತಾರೆ. ಮಾವ ಮನೆಯವನೇ. ಅವನ ಮುಂದೆ ಮರೆತರು, ನಕ್ಕರು, ಬೈದಾಡಿದರು.

ದೊಡ್ಡಮ್ಮ ಯಾರ ದನಿ, ಯಾರ ಮದುವೆ, ಯಾವ ಶಾಸ್ತ್ರ ಅಂತ ಹೇಳುತ್ತಾ ಹೋಗುತ್ತಾರೆ, ನಾನು ನೋಟ್‌ಬುಕ್‌ನಲ್ಲಿ ನಿಮಿಷ ಹಾಕಿ ಬರೆದುಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೂ ಕ್ಯಾಸೆಟ್ ಇದ್ದರೆ ಡೆಕ್ ಆಮೇಲೆ ಹುಡುಕಿ, ಮೊದಲು ಇಂಥವರೊಬ್ಬರನ್ನು ಹುಡುಕಿ.

ಸೈಡ್ ಎ ಮುಗಿಯಿತು, ಬೇಗ ಹೇಳಿಬಿಡುತ್ತೇನೆ. ಸೈಡ್ ಬಿ ನಿಮಗೆ ಕೇಳಿಸಲ್ಲ. ಅದು ಪೂರ್ತಿ ಬೀಗರನ್ನು ಆಡಿಕೊಳ್ಳುವ ಪದ, ಹೆಸರು ಹಿಡಿದು ಮೂಗು, ಹೊಟ್ಟೆ, ಜಿಪುಣತನ ಒಂದನ್ನೂ ಬಿಟ್ಟಿಲ್ಲ. ಅಪ್‌ಲೋಡ್ ಮಾಡ್ಲಾ ಅಂದಿದ್ದಕ್ಕೆ ದೊಡ್ಡಮ್ಮ, "ಆ ಬೀಗರ ಮೊಮ್ಮಗಳು ಈಗ ನಮ್ಮ ಮನೆ ಸೊಸೆ ಕಣೇ, ಬಾಯಿ ಮುಚ್ಚು" ಅಂದರು. ಹಾಗಾಗಿ ಅದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಸೊಸೆಗೆ ಮಾತ್ರ ಕೇಳಿಸಿದೆವು. ಬಿದ್ದು ಬಿದ್ದು ನಕ್ಕು ಒಂದು ಕಾಪಿ ಇಸಕೊಂಡಳು. ನಮ್ಮ ಕಡೆಯವರನ್ನು ಬೈದ ಪದಗಳು ಅವಳ ಅಜ್ಜಿಗೆ ಇನ್ನೂ ಬಾಯಿಗೆ ಬರುತ್ತವಂತೆ. ಮುಂದಿನ ವಾರ ಅಲ್ಲಿಗೆ, ಹೊಸ ಸೆಲ್ ಹಾಕಿಕೊಂಡು.